ಹುಟ್ಟುಗುಣವೂ ಹೆತ್ತವರೂ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದೊಂದು ಗಾದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬುದು ಇನ್ನೊಂದು. ಮಕ್ಕಳ ಸ್ವಭಾವವನ್ನು ಕುರಿತ ವಿಜ್ಞಾನವೂ ಬಹುಕಾಲ ಈ ಎರಡು ತುದಿಗಳ ನಡುವೆಯೇ ತೂಗಾಡಿತು. ಆಯುರ್ವೇದವು ವಾತ, ಪಿತ್ತ, ಕಫಗಳ ಪ್ರಕೃತಿಯನ್ನು ಹೇಳಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ವಾಟ್ಸನ್ ಮುಂತಾದವರು ಎಲ್ಲವೂ ಬೆಳೆಸುವ ಬಗೆಯಿಂದಲೇ ಎಂದರು. ಆಗ ಮಗುವಿನ ಹಠಕ್ಕೂ ಅಂಜಿಕೆಗೂ ತಾಯಿಯೇ ಹೊಣೆಯಾದಳು.

1956ರಲ್ಲಿ ನ್ಯೂಯಾರ್ಕಿನ ವೈದ್ಯದಂಪತಿಗಳಾದ ಅಲೆಗ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಶಿಶುಗಳನ್ನು ವರ್ಷಾನುಗಟ್ಟಲೆ ಗಮನಿಸಲು ತೊಡಗಿದರು. ಒಟ್ಟು 133 ಮಕ್ಕಳಲ್ಲಿ ಶೇಕಡ 40 ಮಂದಿ ಸುಲಭಸ್ವಭಾವದವರು, 10 ಮಂದಿ ಕಷ್ಟಸ್ವಭಾವದವರು, 15 ಮಂದಿ ಹೊಸತಿಗೆ ಸಾವಕಾಶವಾಗಿ ಒಗ್ಗುವವರು. ಉಳಿದವರು ಯಾವ ಗುಂಪಿಗೂ ಸೇರಲಿಲ್ಲ. ಆದರೆ ಅವರ ನಿಜವಾದ ಕೊಡುಗೆ ಈ ಎಣಿಕೆಯಲ್ಲ. ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ಹೊಂದಾಣಿಕೆ ತಪ್ಪಿದಾಗಲೇ ತೊಂದರೆ ಹುಟ್ಟುತ್ತದೆಂದು ಅವರು ತೋರಿಸಿದರು. ಅದೇ ನಗರಕ್ಕೆ ವಲಸೆ ಬಂದ ಪೋರ್ಟೊರಿಕೊ ಕುಟುಂಬಗಳಲ್ಲಿ ಮಗು ನಿದ್ದೆ ಬಂದಾಗ ಮಲಗಿದರೆ ಯಾರಿಗೂ ಬೇಸರವಿರಲಿಲ್ಲ. ಶಾಲೆಯ ಗಂಟೆ ಬಾರಿಸಲು ಆರಂಭವಾದ ಮೇಲೆಯೇ ಆ ನಿದ್ದೆ ಸಮಸ್ಯೆಯಾಯಿತು. ಮಗು ಬದಲಾಗಿರಲಿಲ್ಲ, ಕೇಳುವವರು ಬದಲಾಗಿದ್ದರು.

ಉಕ್ಕಿನ ಕಾರ್ಖಾನೆಯ ನೆರೆಯ ಗಾಜುವಾಕದ ಕನ್ನಡ ಮನೆಗಳಿಗೆ ಈ ಮಾತು ಚೆನ್ನಾಗಿಯೇ ಅನ್ವಯಿಸುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಸಾವಕಾಶದ ಮಗು ಒಂದೆರಡು ತಿಂಗಳು ಬಾಗಿಲ ಬಳಿಯೇ ನಿಂತರೆ ಆಶ್ಚರ್ಯವೇನು? ರಜೆಗೆ ಬಂದ ನೆಂಟರು ಮಾತ್ರ ‘ಸೊಸೆ ಮುದ್ದುಮಾಡಿ ಕೆಡಿಸಿದಳು’ ಎಂದು ತೀರ್ಪು ಕೊಟ್ಟು ಹೋಗುತ್ತಾರೆ. ವಿಜ್ಞಾನವು ಅರವತ್ತು ವರ್ಷಗಳ ಹಿಂದೆಯೇ ಕೈಬಿಟ್ಟ ತೀರ್ಪು ಅದು.

ಸ್ವಭಾವವು ವಿಧಿಯೂ ಅಲ್ಲ. ಜೆರೋಮ್ ಕೇಗನ್ ಪರೀಕ್ಷಿಸಿದ ನಾಲ್ಕು ತಿಂಗಳ ಶಿಶುಗಳಲ್ಲಿ ಸುಮಾರು ಐದನೆಯ ಒಂದು ಭಾಗ ಹೊಸ ನೋಟ, ಹೊಸ ದನಿಗೆ ಕೈಕಾಲು ಬಡಿದು ಅತ್ತವು. ಅವುಗಳಲ್ಲಿ ಹಲವು ಮುಂದೆ ಸಂಕೋಚದ ಮಕ್ಕಳಾದವು, ಎಲ್ಲವೂ ಅಲ್ಲ. ಭಾರತೀಯ ಮಕ್ಕಳ ಸ್ವಭಾವವನ್ನು ಅಳೆಯುವ ಪ್ರಶ್ನಾವಳಿಯನ್ನು ಸವಿತಾ ಮಲ್ಹೋತ್ರಾ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ರೂಪಿಸಿದರು.

ಅಂಜುವ ಮಗುವನ್ನು ಶಾಲೆ ತೆರೆಯುವ ಮುನ್ನವೇ ಅಂಗಳಕ್ಕೆ ನಾಲ್ಕು ಬಾರಿ ಕರೆದೊಯ್ಯುವುದು, ಓರಗೆಯ ಒಬ್ಬ ಗೆಳೆಯನನ್ನು ಮನೆಗೆ ಕರೆಯುವುದು, ಸಂಘದ ವೇದಿಕೆಗೆ ಬಲವಂತವಾಗಿ ಹತ್ತಿಸದಿರುವುದು ಲೇಸು. ಆದರೆ ಮನೆಯಲ್ಲಿಯೂ ಮಾತು ಬಾರದ, ಹೆಸರು ಕರೆದರೆ ತಿರುಗದ ಮಗುವನ್ನು ‘ಸ್ವಭಾವವೇ ಹಾಗೆ’ ಎಂದು ಬಿಡಲಾಗದು. ಅದರ ಕಿವಿಯನ್ನೂ ಬೆಳವಣಿಗೆಯನ್ನೂ ಮಕ್ಕಳ ವೈದ್ಯರು ತಡಮಾಡದೆ ಪರೀಕ್ಷಿಸಬೇಕು.