ನಡೀತಿರೋ ಮೀಟರ್ ಒಡೆದು ಗಡಿಯಾರ ಮಾಡ್ಬೇಡಿ (ನಿಕ್ಸಿ ಸರಣಿ, ಭಾಗ 3)

ನಿಕ್ಸಿ ಗಡಿಯಾರದ ರೀಲ್ಸ್ ನೋಡಿ ಲೈಕ್ ಒತ್ತೋ ಮುಂಚೆ ಒಂದು ಪ್ರಶ್ನೆ ಕೇಳಿ: ಆ ಟ್ಯೂಬ್ ಬಂದಿದ್ದು ಎಲ್ಲಿಂದ?

ಗೊತ್ತಿಲ್ಲದವರಿಗೆ: ನಿಕ್ಸಿ ಅಂದ್ರೆ ನಿಯಾನ್ ಅನಿಲ ತುಂಬಿದ ಗಾಜಿನ ಟ್ಯೂಬ್. ಒಳಗೆ 0ಯಿಂದ 9ರವರೆಗೆ ಅಂಕಿ ಆಕಾರದ ತೆಳು ಲೋಹ, ಒಂದರ ಹಿಂದೆ ಒಂದು. ಸುಮಾರು 170 ವೋಲ್ಟ್ ಕೊಟ್ರೆ ಬೇಕಾದ ಅಂಕಿ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತೆ. ಅಮೆರಿಕದ ಬರೋಸ್ ಕಂಪನಿ 1955ರಲ್ಲಿ ಇದನ್ನ ಮಾರುಕಟ್ಟೆಗೆ ತಂತು. ವೋಲ್ಟ್‌ಮೀಟರ್, ಫ್ರೀಕ್ವೆನ್ಸಿ ಕೌಂಟರ್‌ಗಳಲ್ಲಿ ಇದೇ ಇರ್ತಿತ್ತು. ಎಲ್ಇಡಿ ಬಂತು, ನಿಕ್ಸಿ ಮೂಲೆ ಸೇರ್ತು.

ಈಗ? ಚೆನ್ನಾಗಿ ನಡೀತಿರೋ ಹಳೇ ಮೀಟರ್ ಒಡೆದು ಟ್ಯೂಬ್ ಕಿತ್ಕೋತಾರೆ. ಉಳಿದಿದ್ದು ಗುಜರಿಗೆ. ಇದಕ್ಕೆ "ವಿಂಟೇಜ್ ಪ್ರೀತಿ" ಅಂತ ಹೆಸರು ಬೇರೆ!

"ಹೆಂಗಿದ್ರೂ ಹಳೇ ಸಾಮಾನು" ಅಂತೀರಾ? ಬಿಕಾಂ ಓದೋರು ಹಾಗನ್ನಬಾರದು. ಸವಕಳಿ ಕಳೆದು ಪುಸ್ತಕದಲ್ಲಿ ಬೆಲೆ ಸೊನ್ನೆ ಆಯ್ತು ಅಂದ್ರೆ ಯಂತ್ರವೂ ಸೊನ್ನೆ ಅಂತಲ್ಲ.

ಕಿತ್ತ ಟ್ಯೂಬ್ ಆದ್ರೂ ಬಾಳುತ್ತಾ? ಗಡಿಯಾರದ ಮೊದಲ ಟ್ಯೂಬ್‌ನಲ್ಲಿ ಉರಿಯೋದು 0, 1, 2 ಮಾತ್ರ. ಉರಿಯದ ಅಂಕಿಗಳ ಮೇಲೆ ಪದರ ಕೂತು ಮಂಕಾಗುತ್ತೆ. ಆಗಾಗ ಎಲ್ಲಾ ಅಂಕಿ ಓಡಿಸದಿದ್ರೆ ಅದೂ ಹಾಳು.

ಬೇರೆ ದಾರಿ ಇದೆ. ಸೋವಿಯತ್ ಕಾಲದ, ಬಳಸದೇ ಉಳಿದ ಐಎನ್-12 ಟ್ಯೂಬ್ ತಗೊಳ್ಳಿ (ಅದರ 5 ಅಂದ್ರೆ ತಲೆಕೆಳಗಾದ 2, ನೋಡಿ!). ಚೆಕ್ ದೇಶದಲ್ಲಿ ಡಾಲಿಬೋರ್ ಫಾರ್ನಿ ಹೊಸ ಟ್ಯೂಬನ್ನೇ ಕೈಯಲ್ಲಿ ಮಾಡ್ತಾರೆ, ದುಬಾರಿ ನಿಜ. ರಿಪೇರಿ ಆಗದ ಮೀಟರಿಂದ ಕಿತ್ರೂ ನನ್ನ ತಕರಾರಿಲ್ಲ.

ನಡೀತಿರೋದನ್ನ ಮಾತ್ರ ಬಿಟ್ಬಿಡಿ. ಮಾರೋರು ಟ್ಯೂಬ್ ಎಲ್ಲಿಂದ ಬಂತು ಅಂತ ಹೇಳಲಿಲ್ವಾ? ಕೊಳ್ಳಬೇಡಿ.

#ನಿಕ್ಸಿ #ಹಳೇದುಅಂದ್ರೆಗುಜರಿಅಲ್ಲ