ಹಿಂದಿನ ಶಿಲ್ಕು ಎಲ್ಲಿ?

ಪಣಜಿಯ ಎದುರು ದಡದಲ್ಲಿ, ಮಾಂಡೋವಿ ನದಿ ಇಕ್ಕಟ್ಟಾಗುವ ಕಡೆ, ಗುಡ್ಡದ ಮೇಲೆ ರೀಸ್ ಮಾಗೋಸ್ ಕೋಟೆಯಿದೆ. 1993ರವರೆಗೆ ಸೆರೆಮನೆಯಾಗಿದ್ದ ಈ ಮುರಕಲ್ಲಿನ ಕೋಟೆ ದುರಸ್ತಿಯಾಗಿ 2012ರಲ್ಲಿ ಜನರಿಗೆ ತೆರೆಯಿತು. ಈಗ ಅಲ್ಲಿ ಮಾರಿಯೋ ಮಿರಾಂಡಾ ಅವರ ಚಿತ್ರಗಳಿವೆ, ಸ್ವಾತಂತ್ರ್ಯ ಹೋರಾಟಗಾರರ ನೆನಪಿದೆ. ಸೆರೆಮನೆಗಿಂತ ಮ್ಯೂಸಿಯಂ ಲೇಸು, ಅದರಲ್ಲಿ ತಕರಾರಿಲ್ಲ.

ತಕರಾರು ಇರುವುದು ಕಥೆ ಎಲ್ಲಿಂದ ಆರಂಭವಾಗುತ್ತದೆ ಎಂಬುದರಲ್ಲಿ. ಕೋಟೆ ಎಂದೊಡನೆ ಹೆಚ್ಚಿನವರು ಪೋರ್ಚುಗೀಸರು ಅದನ್ನು ಕಟ್ಟಿಸಿದ 1551ರಿಂದಲೇ ಶುರುಮಾಡುತ್ತಾರೆ. 1493ರಲ್ಲಿ ಅಲ್ಲಿ ಬಿಜಾಪುರದ ಆದಿಲಶಾಹಿಯ ಕಾವಲು ಠಾಣೆಯಿತ್ತೆಂಬುದು ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಅದಕ್ಕೂ ಹಿಂದೆ ಚಂದ್ರಪುರ, ಗೋಪಕಪಟ್ಟಣಗಳಿಂದ ಗೋವೆಯನ್ನಾಳಿದ ಕದಂಬರು ಸರಕಾರಿ ಬಸ್ಸಿನ ಹೆಸರಾಗಿ ಉಳಿದಿದ್ದಾರೆ. ಆ ಅರಸರ ಶಾಸನಗಳಲ್ಲಿ ಸಂಸ್ಕೃತದ ಜೊತೆ ಕನ್ನಡವೂ ಇದೆ, ಅವರ ಇನ್ನೊಂದು ರಾಜಧಾನಿ ಬೆಳಗಾವಿ ಜಿಲ್ಲೆಯ ಹಲಸಿ ಎಂಬುದನ್ನು ಬಸ್ಸು ಹೇಳೀತೇ?

ನಾನು ಬ್ಯಾಂಕಿನ ಗುಮಾಸ್ತ. ಹಿಂದಿನ ಪುಟದ ಶಿಲ್ಕನ್ನು ಮುಂದಕ್ಕೆ ತರದೆ ಬರೆದ ಲೆಕ್ಕವನ್ನು ನಾವು ಲೆಕ್ಕವೆನ್ನುವುದಿಲ್ಲ. ಚರಿತ್ರೆಗೆ ಮಾತ್ರ ಬೇರೆ ನಿಯಮವೇ?

"ಹಾಗಾದರೆ ಗೋವೆ ನಿಮ್ಮದೋ?" ಎಂದು ಕೇಳುವವರಿದ್ದಾರೆ. ಅಲ್ಲ. ಗೋವೆ ಗೋವೆಯವರದು, ಕೊಂಕಣಿ ಅಲ್ಲಿಯ ಮನೆಮಾತು. ನೆಲ ಕೇಳುವುದು ಬೇರೆ, ನೆನಪು ಕೇಳುವುದು ಬೇರೆ. 2011ರ ಜನಗಣತಿಯಂತೆ ಗೋವೆಯಲ್ಲಿ ನೂರಕ್ಕೆ ನಾಲ್ವರಿಗಿಂತ ಹೆಚ್ಚು ಮಂದಿಯ ತಾಯ್ನುಡಿ ಕನ್ನಡ. ಅವರಲ್ಲಿ ಅನೇಕರು ಕಲ್ಲು ಹೊತ್ತು, ರಸ್ತೆ ಹಾಕಿ ಬದುಕುವವರು. ತಮ್ಮ ನುಡಿ ಈ ನೆಲಕ್ಕೆ ನಿನ್ನೆ ಮೊನ್ನೆ ಲಾರಿ ಹತ್ತಿ ಬಂದದ್ದಲ್ಲವೆಂದು ಅವರ ಮಕ್ಕಳಿಗೆ ಯಾರು ಹೇಳಬೇಕು?

ಇನ್ನು ನಮ್ಮ ಮಾತು. ಕಾಸರಗೋಡಿನಿಂದ ಗೋವೆಗೆ ಹೋಗುವ ನಾವು ಕೋಟೆಯ ಮೇಲೆ ನಿಂತು ಫೋಟೋ ತೆಗೆದು ಮರಳುತ್ತೇವೆ. ಮನೆಯ ಹತ್ತಿರದ ಬೇಕಲ ಕೋಟೆಯನ್ನು ಕಟ್ಟಿಸಿದವರು ಕೆಳದಿ ನಾಯಕರೆಂದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಬೇರೆಯವರು ಮರೆತರೆಂದು ದೂರುವವನು ಮೊದಲು ತಾನು ನೆನಪಿಟ್ಟಿರಬೇಕು.

ಬೇಡಿಕೆ ದೊಡ್ಡದಲ್ಲ. ಗೋವೆಯ ಕನ್ನಡ ಸಂಘಗಳು ಕೈಜೋಡಿಸಿ, ಕದಂಬರಿಂದ ಸೆರೆಮನೆಯವರೆಗಿನ ಕಥೆಯನ್ನು ಕೊಂಕಣಿ ಮತ್ತು ಕನ್ನಡದಲ್ಲಿ ನಾಲ್ಕು ಪುಟಗಳಲ್ಲಿ ಅಚ್ಚು ಹಾಕಿಸಲಿ. ಬಾಗಿಲಲ್ಲಿ ಇಡಲು ಅನುಮತಿ ಕೇಳಲಿ. ಬೇಕಲಕ್ಕೆ ಅಂಥದನ್ನೇ ಕನ್ನಡ, ಮಲಯಾಳಗಳಲ್ಲಿ ನಾವು ಮಾಡೋಣ. ಎರಡು ಭಾಷೆಗಳನ್ನು ಒಂದೇ ಹೊದಿಕೆಯೊಳಗೆ ಇಡಬಹುದೆಂದು ಈ ಸಂಚಿಕೆಯೇ ತೋರಿಸುತ್ತಿದೆಯಲ್ಲ!