ಮನಸ್ಸಿನ ಡಾಕ್ಟರಿಗೂ ಮೈಯ ಪಾಠ

ನಮ್ಮ ಸಣ್ಣ ಊರುಗಳಲ್ಲೂ ಈಗ ಬೀದಿಗೊಂದಾದರೂ ಮನೆಯ ಮಕ್ಕಳು ಅಮೆರಿಕದಲ್ಲಿರುತ್ತಾರೆ. ಡಾಕ್ಟರಿಕೆ ಓದಿ ಅಲ್ಲಿಯ ಆಸ್ಪತ್ರೆ ಸೇರಿದವರೂ ಉಂಟು. ನಿಮ್ಮ ಮಗಳಿಗೋ, ನಾದಿನಿಯ ಮಗನಿಗೋ ಅಲ್ಲಿ ಮನೋವೈದ್ಯಕೀಯದಲ್ಲಿ ಸೀಟು ಸಿಕ್ಕಿತು ಅನ್ನಿ. ಮಾರ್ಚ್‌ನಲ್ಲಿ ಆಯ್ಕೆಯ ಸುದ್ದಿ, ಜುಲೈ ಹೊತ್ತಿಗೆ ಕೆಲಸ. ಮನೆಯವರೆಲ್ಲ ಸಂತೋಷಪಡುತ್ತಿರುವಾಗ ಫೋನು ಬರುತ್ತದೆ: “ಅಮ್ಮಾ, ನನಗೆ ಮೊದಲು ಜನರಲ್ ಮೆಡಿಸಿನ್ ವಾರ್ಡು ಹಾಕಿದ್ದಾರೆ.” ತಾಯಿಗೆ ಕಸಿವಿಸಿ. ಮನಸ್ಸಿನ ಡಾಕ್ಟರಾಗಲು ಹೋದವಳಿಗೆ ಎದೆನೋವು, ಸಕ್ಕರೆ ಕಾಯಿಲೆ, ಮೂತ್ರಪಿಂಡ ಇವೆಲ್ಲ ಯಾಕೆ?

ಇದು ಶಿಕ್ಷೆಯಲ್ಲ, ಅಲ್ಲಿಯ ನಿಯಮ. ಮನೋವೈದ್ಯರ ತರಬೇತಿ ಅಲ್ಲಿ 4 ವರ್ಷ. ವೈದ್ಯ ಪದವಿ ಮುಗಿಸಿ ಈ ತರಬೇತಿಯ ಮೊದಲ ವರ್ಷದಲ್ಲಿರುವವರನ್ನೇ ಅಲ್ಲಿ ‘ಇಂಟರ್ನ್’ ಎನ್ನುತ್ತಾರೆ. ಆ ವರ್ಷದಲ್ಲಿ ಕನಿಷ್ಠ 4 ತಿಂಗಳು ಮೈಯ ಕಾಯಿಲೆಗಳನ್ನು ನೋಡುವ ವಿಭಾಗಗಳಲ್ಲಿ ದುಡಿಯಲೇಬೇಕು. ನರರೋಗ ವಿಭಾಗದಲ್ಲಿ 2 ತಿಂಗಳು ಬೇರೆ.

ಯಾಕೆ ಹೀಗೆ ಅಂತೀರಾ? ಮೈಯ ಕಾಯಿಲೆ ಎಷ್ಟೋ ಸಲ ಮನಸ್ಸಿನ ಕಾಯಿಲೆಯ ವೇಷ ಹಾಕಿಕೊಂಡು ಬರುತ್ತದೆ. ಥೈರಾಯ್ಡ್ ಗ್ರಂಥಿ ಮಂದವಾದರೆ ಹೆಂಗಸು ಸದಾ ಮಂಕಾಗಿ, ಯಾವುದರಲ್ಲೂ ಆಸಕ್ತಿಯಿಲ್ಲದೆ ಕೂರುತ್ತಾಳೆ. ನೋಡಿದವರು ಖಿನ್ನತೆ ಎನ್ನುತ್ತಾರೆ. ಅದೇ ಗ್ರಂಥಿ ಚುರುಕಾದರೆ ಎದೆ ಡವಡವ, ಕೈನಡುಕ, ನಿದ್ದೆಯಿಲ್ಲ. ಆಗ “ಸುಮ್ಮನೆ ಗಾಬರಿ ಸ್ವಭಾವ” ಎನ್ನುತ್ತಾರೆ. ಬಿ-12 ಜೀವಸತ್ವ ಸಾಲದಾದರೆ ಮರೆವು, ಸಿಡುಕು ಬರಬಹುದು. ಹಾಲು ಮೊಸರನ್ನೂ ಕಡಿಮೆ ತಿನ್ನುವ ಸಸ್ಯಾಹಾರಿಗಳಲ್ಲಿ ಈ ಕೊರತೆ ಅಪರೂಪವಲ್ಲ. ರಕ್ತದಲ್ಲಿ ಸೋಡಿಯಂ ಇಳಿದರೆ ವಯಸ್ಸಾದವರು ತಬ್ಬಿಬ್ಬಾಗುತ್ತಾರೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೇ ಹೀಗಾಗುವುದುಂಟು. ಇದನ್ನೆಲ್ಲ ಗುರುತಿಸಲು ಬಾರದ ಮನೋವೈದ್ಯರು ಥೈರಾಯ್ಡಿಗೆ ಬೇಕಾದ ಮಾತ್ರೆ ಬಿಟ್ಟು ಬೇರೇನನ್ನೋ ಬರೆದಾರು!

ಎರಡನೆಯ ಕಾರಣ, ಮನಸ್ಸಿಗೆ ಕೊಡುವ ಔಷಧಿ ಹೋಗುವುದು ಮೈಯೊಳಗೇ ತಾನೆ? ಲಿಥಿಯಂ ಮಾತ್ರೆಯನ್ನೇ ನೋಡಿ. ಇದರ ಗುಣವನ್ನು ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು 1949ರಲ್ಲಿ ಪ್ರಕಟಿಸಿದರು. ಇಂದಿಗೂ ಬಹಳ ಉಪಯುಕ್ತ ಔಷಧಿ. ಆದರೆ ಮೂತ್ರಪಿಂಡ, ಥೈರಾಯ್ಡ್ ಎರಡರ ಮೇಲೂ ಕಣ್ಣಿಟ್ಟಿರಬೇಕು. ವಾಂತಿಭೇದಿಯಾಗಿ ಮೈಯ ನೀರು ಆರಿದರೆ, ಇಲ್ಲವೇ ಅಡುಗೆಯಲ್ಲಿ ಉಪ್ಪನ್ನು ಇದ್ದಕ್ಕಿದ್ದಂತೆ ಇಳಿಸಿದರೆ ರಕ್ತದಲ್ಲಿ ಲಿಥಿಯಂ ಮಿತಿಮೀರಿ ಏರಬಹುದು. ಇನ್ನು ಓಲಾಂಜಪಿನ್‌ನಂಥ ಮಾತ್ರೆಗಳಿಂದ ತೂಕವೂ ಸಕ್ಕರೆಯೂ ಹೆಚ್ಚಬಹುದು. ಕೆಲವು ಔಷಧಿಗಳಿಂದ ಹೃದಯದ ಬಡಿತದ ಲಯವೇ ಕೆಡುವುದರಿಂದ ಇ.ಸಿ.ಜಿ. ಓದಲು ಬರಬೇಕು.

ಮೂರನೆಯದು ಮನ ಕಲಕುವ ಮಾತು. ತೀವ್ರ ಮನೋರೋಗವಿರುವವರು ಬೇರೆಯವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆತ್ಮಹತ್ಯೆಗಿಂತ ಹೆಚ್ಚು ಜನ ಹೀಗೆ ಹೋಗುವುದು ಹೃದ್ರೋಗ, ಸಕ್ಕರೆ ಕಾಯಿಲೆಯಂಥ ಮೈಯ ರೋಗಗಳಿಂದ. “ಅವಳಿಗೆ ತಲೆ ಸರಿಯಿಲ್ಲ, ಎದೆನೋವು ಅಂತ ಸುಮ್ಮನೆ ಗೊಣಗುತ್ತಾಳೆ” ಎಂದು ಮನೆಯವರೂ ತಳ್ಳಿಹಾಕುತ್ತಾರೆ, ಒಮ್ಮೊಮ್ಮೆ ಡಾಕ್ಟರೂ. ಆ ಎದೆನೋವನ್ನು ನಂಬಿ ಕೇಳುವವರು ಒಬ್ಬರಾದರೂ ಬೇಡವೇ?

ಹಾಗಾದರೆ ಹೊರಡುವ ಮುನ್ನ ಮಗು ಏನು ತಯಾರಿ ಮಾಡಿಕೊಳ್ಳಬೇಕು? ದಪ್ಪ ದಪ್ಪ ಪುಸ್ತಕಗಳನ್ನೆಲ್ಲ ಮತ್ತೆ ಬಾಯಿಪಾಠ ಮಾಡುವ ಅಗತ್ಯವಿಲ್ಲ. ರಾತ್ರಿ ಪಾಳಿಯಲ್ಲಿ ನರ್ಸು ಯಾವುದಕ್ಕೆ ಕರೆಯುತ್ತಾರೋ ಅದನ್ನು ಗಟ್ಟಿ ಮಾಡಿಕೊಂಡರೆ ಸಾಕು: ಎದೆನೋವು, ಉಸಿರಾಟದ ಕಷ್ಟ, ಜ್ವರ, ರಕ್ತದೊತ್ತಡ ಕುಸಿಯುವುದು, ಸಕ್ಕರೆ ಏರಿಳಿತ, ಸೋಡಿಯಂ ಪೊಟ್ಯಾಸಿಯಂ ವ್ಯತ್ಯಾಸ, ಮೂತ್ರ ಕಡಿಮೆಯಾಗುವುದು, ರೋಗಿ ಬೀಳುವುದು, ಇದ್ದಕ್ಕಿದ್ದಂತೆ ಬಡಬಡಿಸುವುದು. ಒಂದೊಂದಕ್ಕೂ ಮೊದಲು ಏನು ನೋಡಬೇಕು, ಏನು ಪರೀಕ್ಷೆ, ಯಾವಾಗ ಸೀನಿಯರನ್ನು ಕರೆಯಬೇಕು ಎಂದು ಜೇಬಿನ ಪುಸ್ತಕದಲ್ಲಿ ಒಂದೊಂದು ಪುಟ ಬರೆದಿಟ್ಟುಕೊಳ್ಳಲಿ.

ಕುಡಿತದ ಚಟವಿದ್ದವರು ಆಸ್ಪತ್ರೆ ಸೇರಿ ಹಠಾತ್ತನೆ ಕುಡಿತ ನಿಂತಾಗ ಆಗುವ ಅಪಾಯವನ್ನೂ ಚೆನ್ನಾಗಿ ತಿಳಿದಿರಬೇಕು. ಮೊದಲ ದಿನ ಕೈನಡುಕ, ಬೆವರು. ಎರಡು ಮೂರು ದಿನದಲ್ಲಿ ಇಲ್ಲದ್ದೆಲ್ಲ ಕಣ್ಣಿಗೆ ಕಂಡು ಪ್ರಾಣಕ್ಕೇ ಬರಬಹುದು. ಇಲ್ಲಿ ಥಯಾಮಿನ್, ಅಂದರೆ ಬಿ-1 ಜೀವಸತ್ವ, ಮರೆಯುವಂತಿಲ್ಲ.

ಬೆಳಿಗ್ಗೆ ಹಿರಿಯರು ರೌಂಡ್ಸ್‌ಗೆ ಬರುವ ಮೊದಲೇ ಇಂಟರ್ನ್ ಹಾಜರಿರಬೇಕು. ರಾತ್ರಿಯೆಲ್ಲ ಏನಾಯಿತು, ಜ್ವರ ಎಷ್ಟು, ಒಳಗೆ ಹೋದ ನೀರೆಷ್ಟು, ಹೊರಗೆ ಬಂದದ್ದೆಷ್ಟು, ರಕ್ತಪರೀಕ್ಷೆ ಏನು ಹೇಳಿತು ಎಲ್ಲ ನೋಡಿಟ್ಟುಕೊಂಡು ಒಪ್ಪಿಸಬೇಕು. ಹಬ್ಬದ ಅಡುಗೆಯಲ್ಲಿ ನಾಲ್ಕು ಒಲೆ ಒಟ್ಟಿಗೆ ನೋಡಿಕೊಳ್ಳುವ ನಿಮಗೆ ಇದು ಗೊತ್ತಿರದ ವಿದ್ಯೆಯೇ? ಯಾವುದು ಉಕ್ಕುತ್ತಿದೆಯೋ ಅತ್ತ ಮೊದಲು ಕೈ, ಉಳಿದದ್ದು ಆಮೇಲೆ. ಅಷ್ಟೇ.

“ನನಗೆ ಗೊತ್ತಿಲ್ಲ, ಬನ್ನಿ” ಎನ್ನಲು ನಾಚಬಾರದು. ಇದನ್ನು ಮಗುವಿಗೆ ನೀವೇ ಹೇಳಿ. ರಾತ್ರಿ ಎರಡು ಗಂಟೆಗೆ ಸೀನಿಯರನ್ನು ಎಬ್ಬಿಸಿದರೆ ಅವರು ಮುಖ ಗಂಟಿಕ್ಕಬಹುದು, ಗಂಟಿಕ್ಕಲಿ ಬಿಡಿ. ರೋಗಿ ಬದುಕಿದರೆ ಸಾಲದೆ? ಮತ್ತೆ, ಮಾತನಾಡಿಸುವ ಕಲೆ ಇವರ ಕೈಯಲ್ಲೇ ಇದೆ. ಸಕ್ಕರೆ ಏರಿ ಮತ್ತೆ ಮತ್ತೆ ಸೇರುವ ರೋಗಿಯನ್ನು ಹತ್ತು ನಿಮಿಷ ಪಕ್ಕದಲ್ಲಿ ಕೂತು ಕೇಳಿದರೆ, ಇನ್ಸುಲಿನ್ ಯಾಕೆ ಬಿಟ್ಟ ಎಂಬುದು ಹೊರಗೆ ಬಂದೀತು.

ಇನ್ನು ತಾಯಂದಿರ ಪಾಲು. ವಾರಕ್ಕೆ ಸರಾಸರಿ 80 ಗಂಟೆ ಮೀರಿ ದುಡಿಸಬಾರದು ಎಂದು ಅಮೆರಿಕದಲ್ಲಿ 2003ರಿಂದ ನಿಯಮವಿದೆ. ಮಿತಿಯೇ ಅಷ್ಟೆಂದರೆ ದುಡಿಮೆ ಎಷ್ಟಿದ್ದೀತು, ಯೋಚಿಸಿ! ಆದ್ದರಿಂದ ಫೋನು ಎತ್ತಲಿಲ್ಲ ಅಂತ ಕೋಪ ಬೇಡ. ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 6 ಆದಾಗ ನಮ್ಮಲ್ಲಿ ಮಧ್ಯಾಹ್ನ ಮೂರೂವರೆ. ನಿಮ್ಮ ಬಿಡುವಿನ ಹೊತ್ತು ಅವಳ ಓಟದ ಹೊತ್ತು. ವಾರಕ್ಕೊಂದು ರಜೆಯ ದಿನ ಅವಳೇ ಕರೆಯಲಿ. ಹೋಗುವಾಗ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮೆಂತ್ಯದ ಹಿಟ್ಟು ಮಾಡುವುದನ್ನು ಕಲಿಸಿಕೊಡಿ. ದಣಿದು ಬಂದವಳಿಗೆ ಅನ್ನವೊಂದು ಬೆಂದರೆ ಊಟವಾಯಿತು. “ಹುಚ್ಚರ ಡಾಕ್ಟರಂತೆ” ಎಂದು ನೆಂಟರು ಮೂಗು ಮುರಿದರೆ ನೀವಾದರೂ ತಲೆ ತಗ್ಗಿಸಬೇಡಿ.

ಅಮೆರಿಕಕ್ಕೆ ಮಕ್ಕಳನ್ನು ಕಳಿಸದ ಸೋದರಿಯರೇ, ಈ ಪಾಠ ನಿಮಗೂ ಬೇಕು. ನಿನ್ನೆಯವರೆಗೆ ಸರಿಯಾಗಿದ್ದ ಅತ್ತೆಯವರು ಇದ್ದಕ್ಕಿದ್ದಂತೆ ಹಗಲನ್ನು ರಾತ್ರಿ ಎನ್ನುತ್ತಾರೆ, ಸಂಜೆಯಾದರೆ ಬಡಬಡಿಸುತ್ತಾರೆ, ಮತ್ತೆ ಬೆಳಿಗ್ಗೆ ಮಂಪರು. ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿ ಎಂದರೆ ಮಧ್ಯದಲ್ಲೇ ಎಳೆ ತಪ್ಪುತ್ತದೆ. ಇದನ್ನು ಅರಳು ಮರಳು ಎಂದು ಸುಮ್ಮನಾಗಬೇಡಿ. ಗಾಳಿ ಸೋಕಿದೆ ಎಂದು ತಾಯಿತಕ್ಕೂ ಓಡಬೇಡಿ. ಅರಳು ಮರಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಒಂದೆರಡು ದಿನದಲ್ಲಿ ಬಂದದ್ದು ಸನ್ನಿ. ಅದರ ಹಿಂದೆ ಮೂತ್ರದ ಸೋಂಕೋ, ನ್ಯುಮೋನಿಯವೋ, ಸೋಡಿಯಂ ಕೊರತೆಯೋ, ಹೊಸ ಮಾತ್ರೆಯೋ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಂಡು ಊಟ ಬಿಟ್ಟವರು ಬೆವೆತು, ಸಿಡಿಮಿಡಿಗೊಂಡು, ಅಸಂಬದ್ಧ ಮಾತಾಡಿದರೆ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದು ನುಂಗಬಲ್ಲವರಾದರೆ ತಕ್ಷಣ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಮಾತು ತೊದಲಿ ಮುಖ ಒಂದು ಕಡೆ ಸೊಟ್ಟಗಾದರೆ ಅದು ಲಕ್ವ, ಒಂದು ನಿಮಿಷವೂ ತಡ ಮಾಡುವಂತಿಲ್ಲ.

ಮನಸ್ಸು ಹಠಾತ್ತನೆ ಬದಲಾದರೆ ಮೊದಲು ಮೈಯನ್ನು ಪರೀಕ್ಷಿಸಿ. ಹೊಸ ಮನೋವೈದ್ಯರು ತಿಂಗಳುಗಟ್ಟಲೆ ವಾರ್ಡಿನಲ್ಲಿ ನಿಂತು ಕಲಿಯುವುದು ಇದನ್ನೇ. ನೀವು ನಿಮ್ಮ ಮನೆಯಲ್ಲೇ ಕಲಿತಿರಿ.